ಕ್ಯೂಸಿಎಕ್ಸ್ ಪ್ಲಸ್ ಕಿಟ್: ಫಿಲ್ಟರಿನ ತಪ್ಪನ್ನು ಸರಿದೂಗಿಸುವ ಮೂರು ತಿರುಪುಗಳು

ಕ್ಯೂಆರ್‌ಪಿ ಲ್ಯಾಬ್ಸ್ ಮಾರುವ ಕ್ಯೂಸಿಎಕ್ಸ್ ಪ್ಲಸ್ ಎಂಬ ರೇಡಿಯೊ ಕಿಟ್ಟನ್ನು ಜೋಡಿಸಿ, ಒಂದು ಚಳಿಗಾಲ ಮತ್ತು ಒಂದು ಬೇಸಿಗೆ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ತರಿಸಿದ್ದು 40 ಮೀಟರ್ ಬ್ಯಾಂಡಿನ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನ, ಕಿಟ್. ಮೋರ್ಸ್ ಸಂಕೇತಗಳನ್ನು ಕಳಿಸುವುದು ಮತ್ತು ಕೇಳಿಸಿಕೊಳ್ಳುವುದು ಇದರ ಕೆಲಸ, ಧ್ವನಿ ಇದರಲ್ಲಿ ಹೋಗುವುದಿಲ್ಲ. ಟ್ರಾನ್ಸ್‌ಮಿಟರಿನ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ: ಮೂರು ಬಿಎಸ್170 ಟ್ರಾನ್ಸಿಸ್ಟರುಗಳು ಕ್ಲಾಸ್-ಇ ವಿಧಾನದಲ್ಲಿ ಒಟ್ಟಾಗಿ ದುಡಿದು, ಕೊಟ್ಟ ವೋಲ್ಟೇಜಿಗೆ ತಕ್ಕಂತೆ 3ರಿಂದ 5 ವಾಟ್‌ನಷ್ಟು ಶಕ್ತಿಯನ್ನು ಕೊಡುತ್ತವೆ, ಅಷ್ಟೇ. ನನ್ನ ಗಮನವೆಲ್ಲ ರಿಸೀವರಿನ ಮೇಲಿದೆ. ತನ್ನೊಳಗಿನ ಫಿಲ್ಟರುಗಳು ಪರಿಪೂರ್ಣವಲ್ಲ ಎಂದು ಒಪ್ಪಿಕೊಂಡು, ಆ ಕೊರತೆಯನ್ನು ಅಳೆಯುವ ಸಾಧನವನ್ನೂ ಅದನ್ನು ಸರಿದೂಗಿಸುವ ತಿರುಪುಗಳನ್ನೂ ಒಂದೇ ಬೋರ್ಡಿನ ಮೇಲೆ ಇಟ್ಟು ಕೊಡುವ ಇನ್ನೊಂದು ಕಿಟ್ಟನ್ನು ಈ ಬೆಲೆಯಲ್ಲಿ ನಾನು ನೋಡಿಲ್ಲ.

ಕಿಟ್ಟಿನ ಮೂಲ ರೂಪವಾದ ಕ್ಯೂಸಿಎಕ್ಸ್ ಅನ್ನು ಹ್ಯಾನ್ಸ್ ಸಮ್ಮರ್ಸ್ ರೂಪಿಸಿದ್ದು 2017ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಗಿಲ್ವೆಲ್ ಪಾರ್ಕ್‌ನಲ್ಲಿ ನಡೆದ, ಹವ್ಯಾಸಿ ರೇಡಿಯೊ ನಡೆಸುವ ಯುವ ಹ್ಯಾಮ್‌ಗಳ ಶಿಬಿರಕ್ಕಾಗಿ. ಶಿಬಿರದ ಹುಡುಗ ಹುಡುಗಿಯರು ಕೂತು ಬೆಸುಗೆ ಹಾಕಿ ಮುಗಿಸುವಂತಿರಬೇಕು, ಮುಗಿಸಿದ ಮೇಲೆ ಅಳತೆಯ ಉಪಕರಣಗಳಿಲ್ಲದೆಯೇ ಅದು ಸರಿಯಾಗಿ ಕೆಲಸ ಮಾಡಬೇಕು ಎಂಬ ಎರಡು ಅಗತ್ಯಗಳು ಇದರ ವಿನ್ಯಾಸದಲ್ಲಿ ಇಂದಿಗೂ ಎದ್ದು ಕಾಣುತ್ತವೆ. ಆಗ ಅದರ ಬೆಲೆ 49 ಡಾಲರ್. 2020ರಲ್ಲಿ ಬಂದ ಪ್ಲಸ್ ಆವೃತ್ತಿಯಲ್ಲಿ ಸರ್ಕಿಟ್ ಬಹುಮಟ್ಟಿಗೆ ಅದೇ. ಬೋರ್ಡು ಮಾತ್ರ ದೊಡ್ಡದಾಗಿ, ಬಿಡಿಭಾಗಗಳ ನಡುವೆ ಬೆರಳಾಡಿಸಲು ಜಾಗ ಸಿಕ್ಕಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುಗಳಿರುವ ಎರಡು ಐಸಿಗಳನ್ನು ಅವರೇ ಬೆಸುಗೆ ಹಾಕಿ ಕಳಿಸುತ್ತಾರೆ, ಉಳಿದದ್ದೆಲ್ಲ ನಮ್ಮ ಕೈಕೆಲಸ. ಭಾರತಕ್ಕೆ ತರಿಸುವವರು ಬೆಲೆಯ ಮೇಲೆ ಅಂಚೆಯ ಖರ್ಚು ಮತ್ತು ಆಮದು ಸುಂಕವನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಇದು ಟ್ರಾನ್ಸ್‌ಮಿಟರ್ ಕೂಡ ಆಗಿರುವುದರಿಂದ ದೂರಸಂಪರ್ಕ ಇಲಾಖೆಯ ಹವ್ಯಾಸಿ ರೇಡಿಯೊ ಲೈಸೆನ್ಸ್ ಕೈಗೆ ಬಂದ ಮೇಲೆಯೇ ತರಿಸುವುದು ಕ್ರಮ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇದು ಡೈರೆಕ್ಟ್ ಕನ್ವರ್ಷನ್ ರಿಸೀವರ್. ಆಂಟೆನಾದಿಂದ ಬಂದ 7 ಮೆಗಾಹರ್ಟ್ಸ್ ಸಂಕೇತವನ್ನು ಯಂತ್ರದೊಳಗಿನ ಆಸಿಲೇಟರ್ (ಒಂದೇ ಆವರ್ತನದ ಅಲೆ ಹುಟ್ಟಿಸುವ ಭಾಗ) ಕೊಡುವ ಅಲೆಯೊಂದಿಗೆ ಬೆರೆಸಿದಾಗ, ಎರಡರ ನಡುವಿನ ವ್ಯತ್ಯಾಸ ನೇರವಾಗಿ ಕಿವಿಗೆ ಕೇಳುವ ಸ್ವರವಾಗಿ ಹೊರಬರುತ್ತದೆ. ಆಸಿಲೇಟರಿಗಿಂತ 700 ಹರ್ಟ್ಸ್ ಮೇಲಿರುವ ರೇಡಿಯೊ ಕೇಂದ್ರವು 700 ಹರ್ಟ್ಸ್‌ನ ಸ್ವರವಾಗಿ ಕೇಳುತ್ತದೆ. ತೊಂದರೆಯೆಂದರೆ, ಆಸಿಲೇಟರಿಗಿಂತ 700 ಹರ್ಟ್ಸ್ ಕೆಳಗಿರುವ ಇನ್ನೊಂದು ಕೇಂದ್ರವೂ ಅದೇ 700 ಹರ್ಟ್ಸ್‌ನ ಸ್ವರವಾಗಿಯೇ ಕೇಳುತ್ತದೆ. ಬೇಡದ ಕಡೆಯಿಂದ ಬರುವ ಈ ಸಂಕೇತವನ್ನು ಹ್ಯಾಮ್‌ಗಳು ಇಮೇಜ್ ಎನ್ನುತ್ತಾರೆ. ನಾನು ಇಲ್ಲಿ ನೆರಳು ಎಂದು ಕರೆಯುತ್ತೇನೆ. ನಿಜವಾದ ಕೇಂದ್ರಕ್ಕೂ ನೆರಳಿಗೂ ಇರುವ ಅಂತರ 1,400 ಹರ್ಟ್ಸ್ ಮಾತ್ರ. ಅಷ್ಟು ಸಮೀಪದ ಎರಡನ್ನು 7 ಮೆಗಾಹರ್ಟ್ಸ್‌ನಲ್ಲಿಯೇ ಬೇರ್ಪಡಿಸುವುದು ಸುರುಳಿ ಮತ್ತು ಕೆಪಾಸಿಟರಿನಿಂದ ಮಾಡಿದ ಯಾವ ಸಾಧಾರಣ ಫಿಲ್ಟರಿಗೂ ಆಗದ ಕೆಲಸ.

ಆದ್ದರಿಂದ ಫಿಲ್ಟರಿನ ಬದಲು ರದ್ದತಿಯ ದಾರಿಯನ್ನು ಹಿಡಿಯಲಾಗಿದೆ. ಬಂದ ಸಂಕೇತವನ್ನು ಐ ಮತ್ತು ಕ್ಯೂ ಎಂಬ ಎರಡು ದಾರಿಗಳಲ್ಲಿ, ಒಂದಕ್ಕೊಂದು 90 ಡಿಗ್ರಿ ಫೇಸ್ ವ್ಯತ್ಯಾಸವಿರುವಂತೆ (ಒಂದರ ಅಲೆ ಇನ್ನೊಂದಕ್ಕಿಂತ ಕಾಲು ಸುತ್ತು ಹಿಂದಿರುವಂತೆ) ಇಳಿಸಿಕೊಂಡು, ಆಮೇಲೆ ಆಡಿಯೊ ಹಂತದಲ್ಲಿ ಇನ್ನೂ 90 ಡಿಗ್ರಿ ತಿರುಗಿಸಿ ಎರಡನ್ನೂ ಕೂಡಿಸಿದರೆ, ಬೇಕಾದ ಸಂಕೇತ ಇಮ್ಮಡಿಯಾಗುತ್ತದೆ, ನೆರಳು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ರಾಲ್ಫ್ ಹಾರ್ಟ್ಲಿ 1928ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಕ್ಯೂಸಿಎಕ್ಸ್‌ನಲ್ಲಿ ಮೊದಲ ಹಂತವನ್ನು ಡ್ಯಾನ್ ಟೇಲೊ ಅವರ ಹೆಸರಿನಿಂದ ಪ್ರಸಿದ್ಧವಾದ ಡಿಟೆಕ್ಟರ್ ಮಾಡುತ್ತದೆ. ಅದಕ್ಕೆ ಬೇಕಾದ 90 ಡಿಗ್ರಿ ಅಂತರದ ಎರಡು ಗಡಿಯಾರದ ಅಲೆಗಳನ್ನು ಎಸ್‌ಐ5351ಎ ಎಂಬ ಚಿಪ್ಪು ತಾನೇ ಲೆಕ್ಕ ಹಾಕಿ ಕೊಡುತ್ತದೆ. ಮೊದಲು ಇದಕ್ಕಾಗಿ ನಾಲ್ಕು ಪಟ್ಟು ವೇಗದ ಆಸಿಲೇಟರ್ ಇಟ್ಟು, ಅದನ್ನು ನಾಲ್ಕರಿಂದ ಭಾಗಿಸುವ ಇನ್ನೊಂದು ಐಸಿಯನ್ನು ಹಾಕಬೇಕಿತ್ತು. ಅಂದರೆ ರೇಡಿಯೊ ಕಡೆಯ 90 ಡಿಗ್ರಿ ಇಲ್ಲಿ ಅಂಕೆಗಳಿಂದ ಹುಟ್ಟುವುದರಿಂದ ಅಲ್ಲಿ ತಿರುಪು ತಿರುಗಿಸುವ ಪ್ರಸಂಗ ಬರುವುದಿಲ್ಲ. ತಪ್ಪು ನುಸುಳುವುದು ಬಹುಪಾಲು ಆಡಿಯೊ ಹಂತದಲ್ಲಿ, ಆಪ್-ಆಂಪ್, ರೆಸಿಸ್ಟರ್ ಮತ್ತು ಕೆಪಾಸಿಟರುಗಳಿಂದ ಕಟ್ಟಿದ, ಆಲ್-ಪಾಸ್ ಎಂದು ಕರೆಯುವ ಫೇಸ್ ತಿರುಗಿಸುವ ಫಿಲ್ಟರುಗಳಲ್ಲಿ.

ಎಷ್ಟು ತಪ್ಪನ್ನು ತಾಳಿಕೊಳ್ಳಬಹುದು ಎಂಬ ಲೆಕ್ಕ ಸ್ವಾರಸ್ಯಕರವಾಗಿದೆ. ಎರಡು ದಾರಿಗಳ ಮಟ್ಟ ಸರಿಸಮವಾಗಿದ್ದು, ಫೇಸ್‌ನಲ್ಲಿ ಮಾತ್ರ 1 ಡಿಗ್ರಿ ತಪ್ಪಿದ್ದರೆ ನೆರಳು ಸುಮಾರು 41 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಫೇಸ್ ಸರಿಯಾಗಿದ್ದು, ಮಟ್ಟದಲ್ಲಿ ಶೇಕಡ 1ರಷ್ಟು ವ್ಯತ್ಯಾಸವಿದ್ದರೆ 46 ಡೆಸಿಬೆಲ್. ಈ ಯಂತ್ರಕ್ಕೆ ಹೇಳಿರುವ 50 ಡೆಸಿಬೆಲ್ ಮುಟ್ಟಬೇಕಾದರೆ, ಬೇರಾವ ತಪ್ಪೂ ಇಲ್ಲವೆಂದು ಇಟ್ಟುಕೊಂಡರೂ ಫೇಸ್‌ನ ತಪ್ಪು 0.36 ಡಿಗ್ರಿಯನ್ನು ದಾಟುವಂತಿಲ್ಲ. ಹಾಗೆಯೇ ಫೇಸ್ ಸರಿಯಿದ್ದಾಗ ಮಟ್ಟದ ತಪ್ಪು ಶೇಕಡ 0.63ನ್ನು ದಾಟುವಂತಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳನ್ನು ನೋಡಿ. ಫೇಸ್ ತಿರುಗಿಸುವ ಒಂದು ಹಂತವು ತನ್ನ ನಡು ಆವರ್ತನದಲ್ಲಿ 90 ಡಿಗ್ರಿ ತಿರುಗಿಸುತ್ತದೆ. ಅದರಲ್ಲಿರುವ ಕೆಪಾಸಿಟರ್ ಬರೆದ ಮೌಲ್ಯಕ್ಕಿಂತ ಶೇಕಡ 1ರಷ್ಟು ಹೆಚ್ಚು ಕಡಿಮೆಯಾದರೆ ಫೇಸ್ 0.57 ಡಿಗ್ರಿ ತಪ್ಪುತ್ತದೆ. ಶೇಕಡ 5ರ ಕೆಪಾಸಿಟರ್ ಆದರೆ 2.9 ಡಿಗ್ರಿ, ನೆರಳು ಕುಗ್ಗುವುದು 32 ಡೆಸಿಬೆಲ್‌ಗೇ ನಿಲ್ಲುತ್ತದೆ. ಶೇಕಡ 10ರದಾದರೆ ಬರೀ 26. ಶೇಕಡ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳು ಅಗ್ಗವಾಗಿ ಸಿಗುತ್ತವೆ, ಆದರೆ ಅಷ್ಟೇ ನಿಖರವಾದ ಕೆಪಾಸಿಟರಿಗೆ ಕೊಡಬೇಕಾದ ಬೆಲೆಯಲ್ಲಿ ಈ ಕಿಟ್ಟಿನ ಲೆಕ್ಕಾಚಾರವೇ ಬುಡಮೇಲಾಗುತ್ತದೆ.

ಅಂಕಿಗಳನ್ನು ಕಿವಿಯ ಭಾಷೆಗೆ ತರುವುದಾದರೆ ಹೀಗೆ ಹೇಳಬಹುದು. ರಿಸೀವರಿನ ಮಟ್ಟ ಅಳೆಯುವ ಎಸ್ ಮಾಪನದಲ್ಲಿ ಒಂದೊಂದು ಮೆಟ್ಟಿಲಿಗೂ 6 ಡೆಸಿಬೆಲ್. ಬೇಡದ ಕಡೆ ಎಸ್9ರಷ್ಟು ಗಟ್ಟಿಯಾದ ಒಂದು ಕೇಂದ್ರವಿದೆ ಎಂದುಕೊಳ್ಳಿ. ನೆರಳು 30 ಡೆಸಿಬೆಲ್ ಕುಗ್ಗಿದರೆ ಅದು ಐದು ಮೆಟ್ಟಿಲು ಇಳಿದು ಎಸ್4ರಲ್ಲಿ ನಿಲ್ಲುತ್ತದೆ. ನಾವು ಕೇಳಬೇಕೆಂದಿರುವ ದೂರದ ದುರ್ಬಲ ಕೇಂದ್ರವೂ ಅಷ್ಟೇ ಮಟ್ಟದಲ್ಲಿರುವ ಸಾಧ್ಯತೆ ಹೆಚ್ಚು, ಆಗ ಎರಡೂ ಕಲಸಿಹೋಗುತ್ತವೆ. 50 ಡೆಸಿಬೆಲ್ ಕುಗ್ಗಿದರೆ ಅದು ಬ್ಯಾಂಡಿನ ಸಹಜ ಗದ್ದಲದೊಳಗೆ ಮುಳುಗಿ ಹೋಗುತ್ತದೆ. ಎಲ್‌ಇಡಿ ಬಲ್ಬು ಮತ್ತು ಇನ್ವರ್ಟರುಗಳ ನಡುವೆ ಇರುವ ನಮ್ಮ ಊರಿನ ಮನೆಗಳಲ್ಲಂತೂ ಗದ್ದಲದ ಮಟ್ಟ ಇನ್ನೂ ಮೇಲಿರುವುದರಿಂದ, 50ಕ್ಕಿಂತ ಹೆಚ್ಚಿನದಕ್ಕೆ ಆಸೆಪಟ್ಟು ಪ್ರಯೋಜನವಿಲ್ಲ.

ಇಷ್ಟು ಸಾಧಾರಣ ಬಿಡಿಭಾಗಗಳಿಂದ ಅಷ್ಟು ನಿಖರತೆಯನ್ನು ಪಡೆಯುವುದಕ್ಕೆ ವಿನ್ಯಾಸಕಾರರು ಹೂಡಿರುವ ಜಾಣತನವನ್ನು ನಾನು ಕಿಟ್ಟಿನ ಕೈಪಿಡಿಯನ್ನು ಎರಡನೇ ಸಲ ಓದುವಾಗಷ್ಟೇ ಪೂರ್ತಿಯಾಗಿ ಗ್ರಹಿಸಿದೆ. ಧ್ವನಿಯನ್ನು ಕೇಳುವ ರಿಸೀವರ್ ಆಗಿದ್ದರೆ ಸುಮಾರು 300ರಿಂದ 3,000 ಹರ್ಟ್ಸ್‌ವರೆಗೆ ಎಲ್ಲೆಡೆಯೂ 90 ಡಿಗ್ರಿ ಕಾಯ್ದುಕೊಳ್ಳಬೇಕು. ಅದಕ್ಕೆ ಪ್ರತಿ ದಾರಿಯಲ್ಲೂ ಮೂರು ಮೂರು ಹಂತಗಳು ಬೇಕಾಗುತ್ತವೆ, ಒಂದೊಂದು ಹಂತದ ಒಂದೊಂದು ಬಿಡಿಭಾಗವೂ ಶೇಕಡ 1ರೊಳಗೆ ಹೊಂದಬೇಕಾಗುತ್ತದೆ. 1993ರಲ್ಲಿ ರಿಕ್ ಕ್ಯಾಂಪ್‌ಬೆಲ್ ಪ್ರಕಟಿಸಿದ ಆರ್2 ಎಂಬ ಹೆಸರಾಂತ ರಿಸೀವರ್ ಆ ದಾರಿಯಲ್ಲಿ ನಡೆದದ್ದು. ಆದರೆ ಇದು ಮೋರ್ಸ್ ರಿಸೀವರ್. ಫೇಸ್ ತಿರುಗಿಸುವ ಹಂತದ ನಂತರವೇ 700 ಹರ್ಟ್ಸ್ ನಡುವಾಗಿರುವ, 200 ಹರ್ಟ್ಸ್ ಅಗಲದ ಇನ್ನೊಂದು ಆಡಿಯೊ ಫಿಲ್ಟರ್ ಇದೆ. ಆ ಕಿಟಕಿಯ ಆಚೆ ಈಚೆ ಇರುವುದೆಲ್ಲ ಅಲ್ಲಿಯೇ ಕೊಚ್ಚಿಹೋಗುತ್ತದೆ. ಹಾಗಾಗಿ 600ರಿಂದ 800 ಹರ್ಟ್ಸ್‌ವರೆಗಿನ ಒಂದು ಸಣ್ಣ ಗಲ್ಲಿಯಲ್ಲಿ ಫೇಸ್ ಸರಿಯಿದ್ದರೆ ಸಾಕು. ಗಲ್ಲಿಯ ಕೆಳತುದಿಗೆ ಒಂದು ತಿರುಪು, ಮೇಲ್ತುದಿಗೆ ಒಂದು ತಿರುಪು. ಎರಡು ಕಡೆ ತಪ್ಪನ್ನು ಸೊನ್ನೆಗೆ ಇಳಿಸಿದರೆ ನಡುವಿನ ಭಾಗದಲ್ಲಿ ಉಳಿಯುವ ಉಬ್ಬು ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಗಲ್ಲಿಯ ಹೊರಗೆ, 300 ಹರ್ಟ್ಸ್‌ನಲ್ಲೋ 2,000 ಹರ್ಟ್ಸ್‌ನಲ್ಲೋ, ಫೇಸ್ ಎಷ್ಟು ತಪ್ಪಿದ್ದರೂ ಅದು ಕಿವಿಗೆ ಬೀಳುವುದೇ ಇಲ್ಲ. ಒಂದು ಫಿಲ್ಟರಿನ ಹುಳುಕನ್ನು ಇನ್ನೊಂದು ಫಿಲ್ಟರ್ ಮರೆಮಾಡುವ ಈ ಏರ್ಪಾಡು ನನಗೆ ಈ ಕಿಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಅಂಶ.

ಜೋಡಿಸುವ ಕೆಲಸ ನನಗೆ ಐದು ಸಂಜೆಗಳನ್ನು ತೆಗೆದುಕೊಂಡಿತು, ಅದರಲ್ಲಿ ಒಂದು ಇಡೀ ಸಂಜೆ ಟಿ1 ಎಂಬ ಒಂದೇ ಟ್ರಾನ್ಸ್‌ಫಾರ್ಮರಿಗೆ ಹೋಯಿತು. ಕೆಂಪು ಬಣ್ಣದ, ಉಂಗುರದಂಥ ಟೊರಾಯ್ಡ್ ಒಂದರ ಮೇಲೆ ಎನಾಮಲ್ ಲೇಪಿಸಿದ ತಾಮ್ರದ ತಂತಿಯಿಂದ ನಾಲ್ಕು ಸುರುಳಿಗಳನ್ನು ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಮೂರು ಚಿಕ್ಕವು, ಒಂದು ಉದ್ದನೆಯದು. ಚಿಕ್ಕವುಗಳಲ್ಲಿ ಒಂದಕ್ಕೆ ಆಂಟೆನಾದ ಸಂಕೇತ ಬರುತ್ತದೆ, ಉಳಿದೆರಡು ಅದನ್ನು ಒಂದಕ್ಕೊಂದು ತಲೆಕೆಳಗಾಗಿ ಡಿಟೆಕ್ಟರಿಗೆ ಕೊಡುತ್ತವೆ, ಉದ್ದನೆಯದು ಟ್ರಿಮ್ಮರ್ ಕೆಪಾಸಿಟರ್ ಒಂದರ ಜೊತೆ ಸೇರಿ 7 ಮೆಗಾಹರ್ಟ್ಸ್‌ಗೆ ಶ್ರುತಿಗೊಳ್ಳುವ ಬ್ಯಾಂಡ್‌ಪಾಸ್ ಫಿಲ್ಟರ್ ಆಗುತ್ತದೆ. ಎಂಟು ತುದಿಗಳು ಎಂಟು ರಂಧ್ರಗಳಿಗೆ ಹೋಗಬೇಕು. ಡಿಟೆಕ್ಟರಿನ ಕಡೆಯ ಒಂದು ಸುರುಳಿಯ ಎರಡು ತುದಿಗಳು ಅದಲುಬದಲಾದರೆ ಡಿಟೆಕ್ಟರಿಗೆ ಹೋಗುವ ಎರಡು ಸಂಕೇತಗಳು ಪರಸ್ಪರ ಕಳೆದುಹೋಗಿ ರಿಸೀವರ್ ಕಿವುಡಾಗುತ್ತದೆ. ತುದಿಗಳ ಎನಾಮಲ್ಲನ್ನು ಪೂರ್ತಿ ತೆಗೆಯದಿದ್ದರೆ ಬೆಸುಗೆ ಹೊರಗಿನಿಂದ ಹೊಳೆಯುತ್ತಿರುತ್ತದೆ, ಒಳಗೆ ತಂತಿ ಮುಟ್ಟಿರುವುದೇ ಇಲ್ಲ. ನಾನು ಎರಡನೆಯ ತಪ್ಪನ್ನು ಮಾಡಿದೆ. ಮಲ್ಟಿಮೀಟರಿನಲ್ಲಿ ಒಂದೊಂದು ಸುರುಳಿಯನ್ನೂ ಮುಟ್ಟಿ ನೋಡುವಾಗ ಮೂರನೆಯದು ಬೀಪ್ ಎನ್ನಲಿಲ್ಲ. ಬೆಸುಗೆ ಬಿಡಿಸಿ, ಬ್ಲೇಡಿನಿಂದ ಕೆರೆದು, ತಾಮ್ರ ಹೊಂಬಣ್ಣಕ್ಕೆ ಬಂದ ಮೇಲೆ ಮತ್ತೆ ಹಾಕಿದೆ. ಕೈಪಿಡಿಯಲ್ಲಿ ಈ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿಯೇ ಕೊಟ್ಟಿದ್ದಾರೆ, ಓದಿಯೂ ಅವಸರಪಟ್ಟದ್ದು ನನ್ನದೇ ತಪ್ಪು.

ಜೋಡಣೆ ಮುಗಿದ ಮೇಲಿನ ಶ್ರುತಿಮಾಡುವ ಕ್ರಮವೇ ಈ ಕಿಟ್ಟಿನ ಜೀವಾಳ. ಆಸಿಲೇಟರ್ ಚಿಪ್ಪಿಗೆ ಮೂರು ಔಟ್‌ಪುಟ್‌ಗಳಿವೆ. ಡಿಟೆಕ್ಟರಿಗೆ ಎರಡು ಸಾಕು. ಉಳಿದ ಒಂದನ್ನು ಸಾಮಾನ್ಯ ಬಳಕೆಯಲ್ಲಿ ಟ್ರಾನ್ಸ್‌ಮಿಟರಿಗೂ, ಶ್ರುತಿಮಾಡುವಾಗ ಪರೀಕ್ಷೆಯ ಸಂಕೇತ ಹುಟ್ಟಿಸಲೂ ಉಪಯೋಗಿಸಿಕೊಳ್ಳಲಾಗಿದೆ. ಆಂಟೆನಾದ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲಿಗೆ ನಿಲ್ಲುವ ರೆಸಿಸ್ಟರ್) ಸಿಕ್ಕಿಸಿ, ಮೆನುವಿನಲ್ಲಿ ಬ್ಯಾಂಡ್‌ಪಾಸ್ ಫಿಲ್ಟರಿನ ಸಾಲನ್ನು ಆರಿಸಿದರೆ, ಯಂತ್ರ ತನಗೆ ತಾನೇ ಒಂದು ಸಂಕೇತ ಕೊಟ್ಟುಕೊಂಡು, ರಿಸೀವರಿನ ಕೊನೆಯಲ್ಲಿ ಬಂದ ಆಡಿಯೊವನ್ನು ಅಳೆದು, ಎಲ್‌ಸಿಡಿ ಪರದೆಯ ಮೇಲೆ ಕಪ್ಪು ಪಟ್ಟಿಗಳ ಸಾಲಾಗಿಯೂ ಒಂದು ಅಂಕಿಯಾಗಿಯೂ ತೋರಿಸುತ್ತದೆ. ಆಸಿಲೋಸ್ಕೋಪ್ ಬೇಕಿಲ್ಲ, ಸಿಗ್ನಲ್ ಜನರೇಟರ್ ಬೇಕಿಲ್ಲ. ಒಂದು ಸಣ್ಣ ಸ್ಕ್ರೂಡ್ರೈವರ್ ಇದ್ದರೆ ಸಾಕು.

ಮೊದಲಿಗೆ ಟ್ರಿಮ್ಮರ್ ಕೆಪಾಸಿಟರನ್ನು ತಿರುಗಿಸಿ ಪಟ್ಟಿ ಅತಿ ಉದ್ದವಾಗುವ ಜಾಗವನ್ನು ಹುಡುಕಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಗಮನಿಸದವರು ಅರೆಶ್ರುತಿಯಲ್ಲಿಯೇ ತೃಪ್ತರಾಗುತ್ತಾರೆ. ಟ್ರಿಮ್ಮರನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಾಗ ಅದರ ಕೆಪಾಸಿಟೆನ್ಸ್ ಒಮ್ಮೆ ಕನಿಷ್ಠದಿಂದ ಗರಿಷ್ಠಕ್ಕೆ ಏರಿ, ಅದೇ ದಾರಿಯಲ್ಲಿ ಮತ್ತೆ ಇಳಿಯುತ್ತದೆ. ಫಿಲ್ಟರಿಗೆ ಬೇಕಾದ ಮೌಲ್ಯ ಈ ಎರಡರ ನಡುವೆ ಎಲ್ಲೋ ಇದ್ದರೆ ಒಂದು ಸುತ್ತಿನಲ್ಲಿ ಎರಡು ಸಲ ಅದನ್ನು ಹಾದುಹೋಗಬೇಕು, ಅಂದರೆ ಎರಡು ಶಿಖರಗಳು ಕಾಣಬೇಕು. ನನಗೆ ಕಂಡದ್ದು ಒಂದೇ ಶಿಖರ, ಅದೂ ತಗಡುಗಳು ಪೂರ್ತಿ ಒಂದರ ಮೇಲೊಂದು ಕೂತ ಸ್ಥಿತಿಯಲ್ಲಿ. ಅದರ ಅರ್ಥ, ನಿಜವಾದ ಶಿಖರ ಇನ್ನೂ ಆಚೆಗಿದೆ, ಟ್ರಿಮ್ಮರಿನ ಕೈಗೆ ಅದು ಎಟುಕುತ್ತಿಲ್ಲ. ಸುರುಳಿಯ ಇಂಡಕ್ಟೆನ್ಸ್ ಕಡಿಮೆ ಬಿದ್ದಿದೆ. ಸುತ್ತನ್ನು ಹೆಚ್ಚಿಸಲು ಇಡೀ ಟ್ರಾನ್ಸ್‌ಫಾರ್ಮರನ್ನು ಬಿಚ್ಚುವ ಧೈರ್ಯ ನನಗಾಗಲಿಲ್ಲ. ಅಗರಬತ್ತಿಯ ಬಿದಿರುಕಡ್ಡಿಯ ತುದಿಯಿಂದ ಉದ್ದನೆಯ ಸುರುಳಿಯ ಸುತ್ತುಗಳನ್ನು ಒಂದೊಂದಾಗಿ ತಳ್ಳಿ ಒತ್ತಾಗಿಸುತ್ತ ಹೋದೆ. ಒತ್ತಾದಷ್ಟೂ ಇಂಡಕ್ಟೆನ್ಸ್ ಏರುತ್ತದೆ. ಐದಾರು ಸುತ್ತುಗಳು ಸರಿದ ಮೇಲೆ ಟ್ರಿಮ್ಮರ್ ತಿರುಗಿಸಿದಾಗ ಇದ್ದ ಒಂದು ಶಿಖರ ಸೀಳಿ ಎರಡಾಯಿತು. ನಡುವೆ ಒಂದು ಸಣ್ಣ ತಗ್ಗು. ಆ ಸಂಜೆಯ ಮಟ್ಟಿಗೆ ಅದಕ್ಕಿಂತ ಚೆಂದದ ದೃಶ್ಯ ಬೇರೆ ಇರಲಿಲ್ಲ.

ಅನಂತರ ಬರುವುದು ಮೂರು ತಿರುಪುಗಳ ಕೆಲಸ. ಈಗ ಯಂತ್ರ ಪರೀಕ್ಷೆಯ ಸಂಕೇತವನ್ನು ಬೇಕಾದ ಕಡೆಯ ಬದಲು ಬೇಡದ ಕಡೆಯಿಂದ ಕೊಡುತ್ತದೆ, ಅಂದರೆ ಪರದೆಯ ಮೇಲೆ ಕಾಣುವುದು ನೆರಳಿನ ಮಟ್ಟ. ಮೊದಲ ತಿರುಪು ಐ ಮತ್ತು ಕ್ಯೂ ದಾರಿಗಳ ಮಟ್ಟವನ್ನು ಸಮ ಮಾಡುತ್ತದೆ. ತಕ್ಕಡಿಯ ಒಂದು ತಟ್ಟೆ ಜಗ್ಗುತ್ತಿದ್ದರೆ ಹಳೆಯ ಅಂಗಡಿಯವರು ಇನ್ನೊಂದರ ತಳಕ್ಕೆ ಹುಣಸೆಹಣ್ಣಿನ ಉಂಡೆ ಮೆತ್ತುತ್ತಿದ್ದರಲ್ಲ, ಅಂಥದ್ದೇ ಕೆಲಸ. ಎರಡನೆಯದು ಗಲ್ಲಿಯ ಕೆಳತುದಿಯ ಫೇಸ್, ಮೂರನೆಯದು ಮೇಲ್ತುದಿಯ ಫೇಸ್. ಮೂರರಲ್ಲೂ ಈಗ ಪಟ್ಟಿ ಉದ್ದವಾಗಬಾರದು, ಕುಗ್ಗಬೇಕು. ಹಲವು ಸುತ್ತು ತಿರುಗುವ ತಿರುಪುಗಳಾದ್ದರಿಂದ ಮೊದಲು ಏನೂ ಆಗುತ್ತಿಲ್ಲ ಎನ್ನಿಸುತ್ತದೆ. ನಾನಂತೂ ಮೊದಲನೆಯದನ್ನು ತಪ್ಪು ದಿಕ್ಕಿಗೆ ಏಳೆಂಟು ಸುತ್ತು ತಿರುಗಿಸಿದ ಮೇಲೆ ಪಟ್ಟಿ ಬೆಳೆಯುತ್ತಿರುವುದನ್ನು ಕಂಡು ಹಿಂತಿರುಗಿಸಿದೆ. ಸರಿಯಾದ ದಿಕ್ಕಿನಲ್ಲಿ ಪಟ್ಟಿ ಒಂದೊಂದೇ ಚೌಕ ಕಳೆದುಕೊಳ್ಳುತ್ತ ಬರುತ್ತದೆ. ಕೊನೆಯ ಹಂತದಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಅಂಕಿ ಹಾರುತ್ತದೆ.

ಒಂದನ್ನು ಸೊನ್ನೆಗೆ ತಂದು ಮುಂದಿನದಕ್ಕೆ ಹೋದರೆ ಹಿಂದಿನದು ಸ್ವಲ್ಪ ಕೆಡುತ್ತದೆ. ಮಟ್ಟದ ತಪ್ಪು ಉಳಿದಿರುವಾಗ ಫೇಸ್ ತಿರುಪಿನಿಂದ ನೆರಳನ್ನು ಒಂದು ಹಂತಕ್ಕಿಂತ ಕೆಳಗೆ ಇಳಿಸಲಾಗುವುದಿಲ್ಲ, ಫೇಸ್ ತಪ್ಪಿರುವಾಗ ಮಟ್ಟದ ತಿರುಪಿನದೂ ಅದೇ ಪಾಡು. ಆದ್ದರಿಂದ ಮೂರನ್ನೂ ಸರದಿಯಂತೆ ಮತ್ತೆ ಮತ್ತೆ ಸುತ್ತಿ ಬರಬೇಕು. ತಂಬೂರಿ ಶ್ರುತಿಮಾಡುವವರಿಗೆ ಈ ಅನುಭವ ಹೊಸದಲ್ಲ: ಪಂಚಮ ಸರಿಹೋಯಿತು ಎನ್ನುವಷ್ಟರಲ್ಲಿ ಷಡ್ಜ ಒಂದು ಎಳೆ ಇಳಿದಿರುತ್ತದೆ, ಅದನ್ನೆತ್ತಿದರೆ ಇದು. ನನಗೆ ನಾಲ್ಕು ಸುತ್ತುಗಳು ಬೇಕಾದವು. ಒಂದೊಂದು ಸುತ್ತಿನಲ್ಲೂ ತಿರುಗಿಸಬೇಕಾದ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯಾಗುತ್ತ ಬಂದು, ನಾಲ್ಕನೆಯ ಸುತ್ತಿನಲ್ಲಿ ತಿರುಪು ಮುಟ್ಟಿದರೆ ಕೆಡುತ್ತದೆ ಎನ್ನುವ ಸ್ಥಿತಿ ಬಂದಾಗ ನಿಲ್ಲಿಸಿದೆ.

ಯಂತ್ರ ತನಗೆ ತಾನೇ ಕೊಟ್ಟುಕೊಂಡ ಪ್ರಮಾಣಪತ್ರವನ್ನು ಪೂರ್ತಿ ನಂಬುವಂತಿಲ್ಲವಾದ್ದರಿಂದ, ರಾತ್ರಿ ಊಟವಾದ ಮೇಲೆ ಆಂಟೆನಾ ಸಿಕ್ಕಿಸಿ ನಿಜವಾದ ಪರೀಕ್ಷೆಗೆ ಕೂತೆ. 7,030 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ, ಕಡಿಮೆ ಶಕ್ತಿಯ ಮೋರ್ಸ್ ಕೇಂದ್ರಗಳು ಸೇರುವ ಜಾಗದಲ್ಲಿ, ಗಟ್ಟಿಯಾಗಿ ಕೇಳುತ್ತಿದ್ದ ಒಂದು ಕೇಂದ್ರವನ್ನು ನಡುವಿಗೆ ತಂದೆ. ಅಲ್ಲಿಂದ ನಾಬನ್ನು ನಿಧಾನವಾಗಿ 1,400 ಹರ್ಟ್ಸ್ ಸರಿಸಿದರೆ ಅದರ ನೆರಳು ಎಲ್ಲಿರಬೇಕೋ ಅಲ್ಲಿಗೆ ಬರುತ್ತೇವೆ. ನೆರಳನ್ನು ಗುರುತಿಸಲು ಒಂದು ಸುಲಭ ಲಕ್ಷಣವಿದೆ: ನಾಬನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿರುವಾಗ ನಿಜವಾದ ಕೇಂದ್ರದ ಸ್ವರ ಏರುತ್ತಿದ್ದರೆ ನೆರಳಿನ ಸ್ವರ ಇಳಿಯುತ್ತದೆ. ಶ್ರುತಿಮಾಡುವ ಮೊದಲು ಈ ವಿರುದ್ಧ ದಿಕ್ಕಿನ ಸ್ವರ ಸ್ಪಷ್ಟವಾಗಿ, ಅಕ್ಷರ ಬರೆದುಕೊಳ್ಳುವಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಈಗ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರೂ ಗದ್ದಲವೊಂದೇ. ಇನ್ನೂ ಗಟ್ಟಿಯಾದ ಬೇರೊಂದು ಕೇಂದ್ರ ಬಂದಾಗ ಮಾತ್ರ ಎಲ್ಲೋ ತಳದಲ್ಲಿ ಟಿಕ್ ಟಿಕ್ ಎನ್ನುವ ಸುಳಿವು ಸಿಕ್ಕಿತು.

ದೂರುಗಳೂ ಇವೆ. ಈ ರಿಸೀವರಿಗೆ ಎಜಿಸಿ, ಅಂದರೆ ಸಂಕೇತದ ಬಲಕ್ಕೆ ತಕ್ಕಂತೆ ಸದ್ದನ್ನು ತಾನೇ ಏರಿಳಿಸುವ ವ್ಯವಸ್ಥೆ, ಇಲ್ಲ. ದುರ್ಬಲ ಕೇಂದ್ರಕ್ಕಾಗಿ ವಾಲ್ಯೂಮ್ ಏರಿಸಿ ಕೂತಿರುವಾಗ ಪಕ್ಕದೂರಿನ ಹ್ಯಾಮ್ ಕೀಲಿ ಒತ್ತಿದರೆ ಕಿವಿಗೆ ಹೊಡೆತ ಬೀಳುತ್ತದೆ; ಬೇರೆಯಾಗಿ ಕೊಂಡು ಸೇರಿಸಿಕೊಳ್ಳಬಹುದಾದ ಎಜಿಸಿ ಬೋರ್ಡೊಂದನ್ನು ಸಂಸ್ಥೆ ಆಮೇಲೆ ಹೊರತಂದಿತು. 200 ಹರ್ಟ್ಸ್ ಅಗಲದ ಕಿಟಕಿ ಹೊಸಬರಿಗೆ ಇಕ್ಕಟ್ಟು. ಬ್ಯಾಂಡಿನ ಮೇಲೆ ಬೇಗ ಬೇಗ ಕಣ್ಣಾಡಿಸುವ, ಅಲ್ಲ, ಕಿವಿಯಾಡಿಸುವ ಅಭ್ಯಾಸವಿರುವವರಿಗೆ ಕೇಂದ್ರಗಳು ತಪ್ಪಿಹೋಗುತ್ತವೆ. ಅದನ್ನು ಅಗಲ ಮಾಡುವ ಸ್ವಿಚ್ ಇಲ್ಲ. ಆದರೆ ಮೇಲೆ ವಿವರಿಸಿದ ಕಾರಣದಿಂದ, ಅಗಲ ಮಾಡಿದರೆ ನೆರಳಿನ ರದ್ದತಿಯೂ ಸಡಿಲವಾಗುತ್ತದೆ ಎಂಬುದನ್ನು ದೂರುವವರು ನೆನಪಿಡಬೇಕು. ಆ ಇಕ್ಕಟ್ಟು ಈ ಯಂತ್ರದ ಕೊರತೆಯೂ ಹೌದು, ಬಂಡವಾಳವೂ ಹೌದು.

ಶ್ರುತಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ನನ್ನ ದೊಡ್ಡ ಅನುಮಾನವಾಗಿತ್ತು. ಡಿಸೆಂಬರಿನ ಚಳಿಯಲ್ಲಿ ಕೂರಿಸಿದ್ದನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಮತ್ತೆ ಮೆನು ತೆರೆದು ನೋಡಿದಾಗ ಅಂಕಿ ಸ್ವಲ್ಪ ಮೇಲೇರಿತ್ತು, ಕಿವಿಗೆ ಮಾತ್ರ ವ್ಯತ್ಯಾಸ ತಿಳಿಯಲಿಲ್ಲ. ನಾನು ಹೆದರಿದ್ದಷ್ಟು ಕೆಡದಿರುವುದಕ್ಕೆ ಕಾರಣ ಯೋಚಿಸಿದರೆ ಹೊಳೆಯುತ್ತದೆ. ಬಿಸಿಲಿಗೆ ಎರಡೂ ದಾರಿಗಳ ಕೆಪಾಸಿಟರುಗಳು ಒಂದೇ ಪ್ರಮಾಣದಲ್ಲಿ ಬದಲಾದರೆ, 90 ಡಿಗ್ರಿಯ ಗಲ್ಲಿ ಒಟ್ಟಾರೆಯಾಗಿ ನಾಲ್ಕಾರು ಹರ್ಟ್ಸ್ ಅತ್ತಿತ್ತ ಸರಿಯುತ್ತದೆಯೇ ಹೊರತು ಎರಡರ ನಡುವಿನ ಫೇಸ್ ವ್ಯತ್ಯಾಸ ಹೆಚ್ಚು ಕೆಡುವುದಿಲ್ಲ. ಒಂದು ಒಂದು ರೀತಿಯಲ್ಲಿ, ಇನ್ನೊಂದು ಇನ್ನೊಂದು ರೀತಿಯಲ್ಲಿ ಬದಲಾದಾಗಲೇ ಅಪಾಯ. ಹಾಗಾಗಿ ಹಾಳಾದ ಒಂದು ಕೆಪಾಸಿಟರನ್ನು ಬದಲಿಸಬೇಕಾಗಿ ಬಂದರೆ, ಪೇಟೆಯಲ್ಲಿ ಸಿಕ್ಕ ಬೇರೆ ಜಾತಿಯದನ್ನು ಒಂದು ದಾರಿಗೆ ಮಾತ್ರ ಹಾಕುವುದಕ್ಕಿಂತ, ಎರಡೂ ದಾರಿಗಳಿಗೆ ಒಂದೇ ಜಾತಿಯ ಜೋಡಿಯನ್ನು ಹಾಕುವುದು ಲೇಸು. ಎಕ್ಸ್7ಆರ್ ಜಾತಿಯ ಸೆರಾಮಿಕ್ ಕೆಪಾಸಿಟರಿನ ಮೌಲ್ಯ ಅದಕ್ಕೆ ಹೇಳಿರುವ ಉಷ್ಣತೆಯ ವ್ಯಾಪ್ತಿಯಲ್ಲಿ ಶೇಕಡ 15ರವರೆಗೂ ಸರಿಯಬಹುದು. ಸಿ0ಜಿ ಜಾತಿಯದರಲ್ಲಿ ಅದು ಡಿಗ್ರಿಯೊಂದಕ್ಕೆ ಹತ್ತು ಲಕ್ಷದಲ್ಲಿ 30 ಭಾಗವನ್ನು ಮೀರುವುದಿಲ್ಲ.

ಇದೇ ಹಣಕ್ಕೆ, ಅಥವಾ ಸ್ವಲ್ಪ ಹೆಚ್ಚು ಹಣಕ್ಕೆ, ಬೇರೆ ಏನು ಸಿಗುತ್ತದೆ ಎಂಬ ಪ್ರಶ್ನೆ ಸಹಜ. ಹೈದರಾಬಾದಿನ ಅಶ್‌ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ಕುಟುಂಬದ ರೇಡಿಯೊಗಳು ನೆರಳನ್ನು ರದ್ದುಮಾಡುವ ಬದಲು ಹರಳಿನ ಫಿಲ್ಟರಿನಿಂದ ತಡೆಯುತ್ತವೆ. ಅವುಗಳಲ್ಲಿ ಮೈಕ್ರೊಬಿಟ್‌ಎಕ್ಸ್ ಸಂಕೇತವನ್ನು ಮೊದಲು 45, ಆಮೇಲೆ (ಆವೃತ್ತಿಗೆ ತಕ್ಕಂತೆ) 12 ಅಥವಾ 11 ಮೆಗಾಹರ್ಟ್ಸ್‌ಗೆ ತಂದು ಸೋಸುತ್ತದೆ. ಅಲ್ಲಿಯೂ ಹರಳುಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಫಿಲ್ಟರಿನ ಅಂಚು ಪ್ರತಿ ಬೋರ್ಡಿನಲ್ಲೂ ಸ್ವಲ್ಪ ಬೇರೆ ಜಾಗದಲ್ಲಿ ಬೀಳುತ್ತದೆ, ಅದಕ್ಕೆ ತಕ್ಕಂತೆ ಬಿಎಫ್‌ಒ (ಸಂಕೇತವನ್ನು ಕಿವಿಗೆ ಕೇಳುವ ಸ್ವರಕ್ಕೆ ಇಳಿಸುವ ಒಳ ಆಸಿಲೇಟರ್) ಆವರ್ತನವನ್ನು ಕಿವಿಯಿಂದ ಕೇಳಿ ಕೂರಿಸಬೇಕು. ಧ್ವನಿಯಲ್ಲಿ ಮಾತಾಡಬೇಕೆನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇನ್ನೊಂದು ಕಡೆ ಇದೇ ಕ್ಯೂಆರ್‌ಪಿ ಲ್ಯಾಬ್ಸ್ 2023ರಲ್ಲಿ ತಂದ ಕ್ಯೂಎಂಎಕ್ಸ್ ಇದೆ. ಅದರಲ್ಲಿ ಐ ಮತ್ತು ಕ್ಯೂ ಎರಡನ್ನೂ 24 ಬಿಟ್‌ನ ಪರಿವರ್ತಕ ಅಂಕಿಗಳಾಗಿ ಬದಲಿಸುತ್ತದೆ. 90 ಡಿಗ್ರಿ ತಿರುಗಿಸುವ ಕೆಲಸವನ್ನು ಕೆಪಾಸಿಟರಿನ ಬದಲು ಪ್ರೊಸೆಸರಿನ ಗಣಿತ ಮಾಡುತ್ತದೆ, ನಾವು ತಿರುಗಿಸಬೇಕಾದ ತಿರುಪೇ ಇಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದರೆ ತನ್ನ ಫಿಲ್ಟರುಗಳ ನಡತೆಯನ್ನು ತಾನೇ ಒಂದೊಂದು ಆವರ್ತನದಲ್ಲೂ ಅಳೆದು ನೋಡಿ ಗ್ರಾಫ್ ಬರೆದು ತೋರಿಸುವ ಸೌಕರ್ಯವೂ ಅದರಲ್ಲಿದೆ. ರಿಸೀವರಾಗಿ ಅದು ಇದಕ್ಕಿಂತ ಮೇಲು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದರಲ್ಲಿ ತಪ್ಪು ಎಲ್ಲಿ ಹುಟ್ಟಿತು, ಯಾವುದರಿಂದ ಸರಿಹೋಯಿತು ಎಂಬುದು ಸಾಫ್ಟ್‌ವೇರಿನ ಒಳಗೇ ಮುಗಿದುಹೋಗುತ್ತದೆ. ಇಲ್ಲಿ ಅದು ನನ್ನ ಬೆರಳ ತುದಿಯಲ್ಲಿ, ಪರದೆಯ ಪಟ್ಟಿ ಕುಗ್ಗುವುದರಲ್ಲಿ ಕಾಣುತ್ತದೆ.

ಆದ್ದರಿಂದ ನನ್ನ ಶಿಫಾರಸು ಹೀಗಿದೆ. ಬರೀ ಸಂಪರ್ಕಗಳ ಸಂಖ್ಯೆ ಹೆಚ್ಚಿಸಿಕೊಳ್ಳಬೇಕೆನ್ನುವವರು ಕ್ಯೂಎಂಎಕ್ಸ್ ಕೊಳ್ಳಲಿ. ಎಂಜಿನಿಯರಿಂಗ್ ಓದುತ್ತಿರುವವರು, ಆಲ್-ಪಾಸ್ ಫಿಲ್ಟರಿನ ಸೂತ್ರವನ್ನು ಪರೀಕ್ಷೆಗೆ ಬರೆದು ಮರೆತವರು, ಹಳೆಯ ರೇಡಿಯೊ ರಿಪೇರಿಯ ರುಚಿ ಹತ್ತಿದವರು ಕ್ಯೂಸಿಎಕ್ಸ್ ಪ್ಲಸ್ ತರಿಸಿಕೊಂಡರೆ ಹಣ ದಂಡವಾಗುವುದಿಲ್ಲ. ಬೆಸುಗೆ ಕೆಲಸದಲ್ಲಿ ಇದು ಮೊದಲ ಕಿಟ್ ಆಗಬಾರದು, ಎರಡನೆಯದೋ ಮೂರನೆಯದೋ ಆಗಬಹುದು. ಟಿ1 ಸುತ್ತುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಶ್ರುತಿ ಮುಗಿದ ಮೇಲೆ ತಿರುಪುಗಳು ಅಲುಗದಂತೆ ಅವುಗಳ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ ಬಿಡುವ ರೂಢಿ ಹಲವರಲ್ಲಿದೆ. ನನ್ನ ಯಂತ್ರದಲ್ಲಿ ಹಚ್ಚಿಲ್ಲ. ಪೆಟ್ಟಿಗೆಯ ಮುಚ್ಚಳವನ್ನೂ ಇನ್ನೂ ಬಿಗಿದಿಲ್ಲ. ಮಳೆಗಾಲ ಕಳೆದ ಮೇಲೆ ಅಂಕಿ ಎಲ್ಲಿಗೆ ಬಂದಿದೆ ಎಂದು ಒಮ್ಮೆ ನೋಡಬೇಕಾಗಿದೆ.